ಪೂರ್ತಿ ಏಳು ದಿನ

ಇದು ನಮ್ಮ ಚಿಕ್ಕಮ್ಮನ ಮಗಳಿಗೆ ಆದದ್ದು. ಅವರಿವರ ಬಾಯಿಂದ ಬಂದ ಮಾತಲ್ಲ. ದೀಪ ಆರಿಸಲು ಬಿಡದೆ, ಗೋಡೆಗೆ ಬೆನ್ನು ಕೊಟ್ಟು ಕೂತು, ಅವಳೇ ಹೇಳಿದ್ದು. ಅವಳು ಈಗಲೂ ಅದೇ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾಳೆ, ಹಾಗಾಗಿ ಹೆಸರು ಬೇಡ. ಅಲ್ಲಿ ಎಲ್ಲರೂ ಅವಳನ್ನು ಕಂಪ್ಯೂಟರಕ್ಕ ಅನ್ನುತ್ತಾರೆ. ಅದೇ ಇರಲಿ.

ಒಂದು ಶುಕ್ರವಾರ. ಎರಡನೇ ಪಾಳಿ ಮುಗಿಸಿ ಹೊರಟಾಗ ರಾತ್ರಿ ಹತ್ತು ದಾಟಿತ್ತು. ಆಸ್ಪತ್ರೆಯ ಹಿಂದಿನ ಗೇಟಿನಿಂದ ಅವಳ ಮನೆಗೆ ಹತ್ತಿರದ ದಾರಿಯೊಂದಿದೆ. ಒಂದು ಪಕ್ಕಕ್ಕೆ ಗೋದಾಮಿನ ಉದ್ದ ಗೋಡೆ, ಇನ್ನೊಂದು ಪಕ್ಕಕ್ಕೆ ಖಾಲಿ ಬಿದ್ದ ಜಾಗ. ರಸ್ತೆ ತಿರುಗುವಲ್ಲಿ ಹಳೆಯ ಬಾವಿ. ಈಗ ಯಾರೂ ನೀರು ಸೇದುವುದಿಲ್ಲ. ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಜಾಲರಿಯ ಒಂದು ಮೂಲೆ ಸಡಿಲ. ಗಾಳಿ ಬೀಸಿದರೆ ಕಲ್ಲಿಗೆ ತಾಗಿ... ಟಣ್.

ಆ ರಾತ್ರಿ ಗಾಳಿ ಇರಲಿಲ್ಲ.

ಬಾವಿ ಇನ್ನೂ ಸ್ವಲ್ಪ ದೂರ ಇದೆ ಅನ್ನುವಾಗ ಹಿಂದೆ ಒಂದು ಸದ್ದು. ಟಿಕ್ ಟಿಕ್ ಟಿಕ್ ಟಿಕ್... ಸೈಕಲ್ಲನ್ನು ತುಳಿಯದೆ ಕೈಯಲ್ಲಿ ತಳ್ಳಿಕೊಂಡು ಬರುವಾಗ ಹಿಂದಿನ ಚಕ್ರದಿಂದ ಬರುತ್ತದಲ್ಲ, ಅದೇ. ಅವಳು ನಡಿಗೆ ಚುರುಕು ಮಾಡಿದಳು. ಅದೂ ಚುರುಕಾಯಿತು. ಅವಳು ನಿಂತಳು. ಅದೂ ನಿಂತಿತು. ನಿಂತ ಮೇಲೆ, ಒಂದೇ ಸಲ, ಕಲ್ಲಿನ ಮೇಲೆ ಕಬ್ಬಿಣ ಉಜ್ಜಿದ ಹಾಗೆ... ಸರ್ರ್.

"ಮೇಡಂ..." ಪಿಸುಮಾತು. ಗಂಡಸಿನದು. ಹೆದರಿಸುವ ದನಿಯಲ್ಲ, ತಾನೇ ಹೆದರಿದವನ ದನಿ.

ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಇದು ಹೊಸದಲ್ಲ. ರೋಗಿಯ ಕಡೆಯವರು ಗೇಟಿನಿಂದಲೇ ಬೆನ್ನು ಹತ್ತುತ್ತಾರೆ. ಅವಳು ಹಿಂದಿರುಗಿ ನೋಡದೆಯೇ, "ಏನಪ್ಪಾ?" ಅಂದಳು.

"ಗುರುತು ಸಿಗದೆ ಇರೋರನ್ನ... ಎಷ್ಟು ದಿನ ಇಟ್ಕೋತೀರಿ?"

"ಏಳು ದಿನ."

"ಪೂರ್ತಿ ಏಳಾ?"

"ಪೂರ್ತಿ ಏಳು."

"ಮಾತು ತಪ್ಪಲ್ವಲ್ಲ?"

"ಕಂಪ್ಯೂಟರ್ ಲೆಕ್ಕ ಕಣಪ್ಪ. ಯಾಕೆ ತಪ್ಪುತ್ತೆ?"

ಆ ಕಡೆಯಿಂದ ಉಸಿರು ಬಿಟ್ಟ ಹಾಗಾಯಿತು. "ನಮ್ಮಕ್ಕ ಬರ್ತಾ ಇದಾಳೆ. ದೂರದ ದಾರಿ..." ಅಂದಿತು ದನಿ. ಅವಳು ತಿರುಗಿದಳು. ರಸ್ತೆ ಖಾಲಿ. ಗೋದಾಮಿನ ಗೋಡೆ, ದೀಪದ ಕಂಬ, ಕಂಬದ ಕೆಳಗೆ ತನ್ನದೇ ನೆರಳು. ಸೈಕಲ್ ತಿರುಗಿಸಿಕೊಂಡು ಹೋಗಲು ಅಷ್ಟು ಬೇಗ ಯಾರಿಗೂ ಆಗುವುದಿಲ್ಲ.

ಅವಳ ಕೆಲಸ ಏನು ಅಂತ ಇಲ್ಲಿ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಆ ಆಸ್ಪತ್ರೆಯ ಶವಾಗಾರಕ್ಕೆ ಗುರುತಿಲ್ಲದ ಹೆಣಗಳು ಬರುತ್ತವೆ. ರಸ್ತೆಯಲ್ಲಿ ಬಿದ್ದವರು, ಮುಸಾಫಿರರು. ಪೊಲೀಸರು ಫೋಟೋ ತೆಗೆದು ಎಲ್ಲ ಕಡೆ ಕಳಿಸುತ್ತಾರೆ. ಬಂದ ಹೊತ್ತಿನಿಂದ ಪೂರ್ತಿ ಏಳು ದಿನ ಕಾಯಬೇಕು ಅಂತ ನಿಯಮ. ಯಾರೂ ಬರದಿದ್ದರೆ ಸಂಜೆ ಆರಕ್ಕೆ ಗಾಡಿ ಬಂದು ಒಯ್ಯುತ್ತದೆ. ಆಸ್ಪತ್ರೆಯೇ ಮಣ್ಣು ಮಾಡುತ್ತದೆ. ಮೊದಲೆಲ್ಲ ಶವಾಗಾರದ ಬೀಗ ನೋಡಿಕೊಳ್ಳುವವನು ಬೆರಳು ಮಡಚಿ ಎಣಿಸುತ್ತಿದ್ದ. ಒಮ್ಮೊಮ್ಮೆ ಎಂಟಾಗುತ್ತಿತ್ತು, ಒಮ್ಮೊಮ್ಮೆ ಹತ್ತಾಗುತ್ತಿತ್ತು. ಮೂರು ತಿಂಗಳ ಹಿಂದೆ ಸಭೆ ಕರೆದು, ಈ ಲೆಕ್ಕ ಡೇಟಾಬೇಸಿಗೆ ಬಿಡೋಣ ಅಂದದ್ದು ಕಂಪ್ಯೂಟರಕ್ಕನೇ. ಬಂದ ತಾರೀಖು ಒಂದು, ಗಾಡಿ ಹೊರಡುವ ತಾರೀಖು ಇನ್ನೊಂದು. ಇದರಿಂದ ಅದನ್ನು ಕಳೆ. ಏಳು ಬಂದರೆ ಪಟ್ಟಿಗೆ ಹಾಕು. ಅವಳು ಬರೆದ ಕ್ವೆರಿ, ಅಂದರೆ ಯಂತ್ರಕ್ಕೆ ಕೇಳುವ ಪ್ರಶ್ನೆ, ಅಷ್ಟೇ, ಎರಡು ಸಾಲು. ಹಿಂದಿನ ಸಂಜೆಯೇ ಮರುದಿನದ ಪಟ್ಟಿ ಅಚ್ಚಾಗಿ ಬರುತ್ತಿತ್ತು. ಎಲ್ಲರೂ ಹೊಗಳಿದರು.

ಮನೆಗೆ ಬಂದು ಗಂಡನಿಗೆ ಹೇಳಿದಳು. ಗಂಡನದು ಕ್ಷೌರದಂಗಡಿ. ದಿನವಿಡೀ ನಾಲ್ಕು ಜನರ ಮಾತು ಕೇಳಿ ಕೇಳಿ ಯಾವುದನ್ನೂ ಪೂರ್ತಿ ನಂಬದ ಮನುಷ್ಯ.

"ದೆವ್ವಕ್ಕೆ ಸೈಕಲ್ ಯಾಕೇ? ಗಾಳಿಯಲ್ಲೇ ತೇಲಿಕೊಂಡು ಹೋಗಬಹುದಲ್ಲ, ಪಂಕ್ಚರಿನ ತಾಪತ್ರಯ ಇಲ್ಲ."

"ನಗಬೇಡಿ. ಕೊನೆಗೊಂದು ಸರ್ರ್ ಅಂತ ಸದ್ದು ಬಂತು. ಕಲ್ಲಿಗೆ ಕಬ್ಬಿಣ ಉಜ್ಜಿದ ಹಾಗೆ."

ಅವನು ತಟ್ಟೆಯಿಂದ ಕೈ ಎತ್ತಿದ. "ಅದು ಸಾಣೆ ಸೈಕಲ್ಲು. ಹಿಂದಿನ ಚಕ್ರಕ್ಕೆ ಸಾಣೆಕಲ್ಲು ಕಟ್ಟಿರ್ತಾರೆ. ನಮ್ಮಂಗಡಿಗೂ ಒಬ್ಬ ಬರ್ತಾನೆ, ಕತ್ತರಿ ಹರಿತ ಮಾಡಿಕೊಡೋಕೆ. ಸೋಮವಾರ ಬರ್ತೀನಿ ಅಂದಿದ್ದ... ಬರ್ಲಿಲ್ಲ."

"ಹೆಸರೇನು ಅವನದು?"

"ಹದಿನೈದು ದಿನಕ್ಕೊಮ್ಮೆ ಬರೋನ ಹೆಸರು ಯಾರು ಕೇಳ್ತಾರೆ? ಸಾಣೆಯವನೇ ಅಂದ್ರೆ ತಿರುಗ್ತಾನೆ."

 ಅವಳಿಗೆ ನಿದ್ದೆ ಹತ್ತಲಿಲ್ಲ. ಎದ್ದು ನೀರು ಕುಡಿದಳು, ಕಿಟಕಿ ಹಾಕಿದಳು, ಮತ್ತೆ ತೆಗೆದಳು.

ಶನಿವಾರ ಸಂಜೆ ಭಾನುವಾರದ ಪಟ್ಟಿ ತೆಗೆದಳು. ನಾಲ್ಕು ಸಾಲು. ಕೊನೆಯದು: ಗಂಡಸು, ಸುಮಾರು ಐವತ್ತು, ರಸ್ತೆ ಬದಿ, ಜೊತೆಯಲ್ಲಿ ಒಂದು ಸೈಕಲ್. ಆ ಸಾಲನ್ನು ಇನ್ನೊಮ್ಮೆ ಓದಿದಳು. ಆದರೂ ಪಕ್ಕದಲ್ಲಿ ಸ್ಪಷ್ಟವಾಗಿ ಏಳು ಅಂತಿತ್ತು. ಏಳು ಅಂದರೆ ಏಳು. ಯಾರೂ ಬರಲಿಲ್ಲ, ಪಾಪ. ಪಟ್ಟಿಯನ್ನು ಮೇಲಿನವರ ಸಹಿಗೆ ಕಳಿಸಿ, ಪಾಳಿ ಮುಗಿಸಿ ಕೋಣೆಗೆ ಬೀಗ ಹಾಕಿದಳು.

ಆ ರಾತ್ರಿ ದೊಡ್ಡ ರಸ್ತೆಯಲ್ಲೇ ಹೋಗಬೇಕು ಅಂದುಕೊಂಡಿದ್ದಳು. ಹಿಂದಿನ ಗೇಟು ದಾಟಿದ ಮೇಲೆಯೇ ತಾನು ಯಾವ ದಾರಿ ಹಿಡಿದಿದ್ದೇನೆ ಅನ್ನುವುದು ತಿಳಿದದ್ದು. ಕಾಲಿಗೆ ಅಭ್ಯಾಸ, ಬುದ್ಧಿಗೆ ಗೊತ್ತಾಗಲಿಲ್ಲ.

ಬಾವಿಯ ತಿರುವು. ಜಾಲರಿ... ಟಣ್.

ಟಿಕ್ ಟಿಕ್ ಟಿಕ್ ಟಿಕ್... ಈ ಸಲ ಹಿಂದೆ ಅಲ್ಲ. ಪಕ್ಕದಲ್ಲಿ. ಗೋಡೆಗೂ ಅವಳಿಗೂ ನಡುವೆ.

ಅವಳು ತಲೆ ಎತ್ತಲಿಲ್ಲ. ನೆಲವನ್ನೇ ನೋಡುತ್ತ ನಡೆದಳು. ದೀಪದ ಬೆಳಕಿನಲ್ಲಿ ಅವಳ ನೆರಳು ಮುಂದೆ ಉದ್ದವಾಗಿ ಬಿದ್ದಿತ್ತು. ಒಂದೇ ನೆರಳು.

"ಮೇಡಂ... ನಾಳೆ ಕಳಿಸ್ತೀರಂತೆ."

ಅವಳು ನಡಿಗೆ ನಿಲ್ಲಿಸದೆಯೇ ಅಂದಳು: "ಏಳು ದಿನ ಆಯ್ತಲ್ಲಪ್ಪ..."

"ಎಲ್ಲಿ ಆಯ್ತು? ಈಗಿನ್ನೂ ಆರೇ ತುಂಬಿಲ್ಲ."

"ತಾರೀಖು..."

"ತಾರೀಖು ನಂಗೆ ತಿಳಿಯಲ್ಲ. ಬಂದ ಹೊತ್ತು ನೋಡಿ. ನಮ್ಮಕ್ಕ ಅರ್ಧ ದಾರಿಯಲ್ಲಿದಾಳೆ... ನೀವು ಮಾತು ಕೊಟ್ಟಿದ್ರಿ."

ಸರ್ರ್. ಆಮೇಲೆ ಏನೂ ಇಲ್ಲ. ಅವಳು ಮನೆಯವರೆಗೆ ಓಡಿದಳು ಅಂತ ಹೇಳುತ್ತಾಳೆ. ಓಡಿದ್ದು ಮಾತ್ರ ನೆನಪಿಲ್ಲವಂತೆ.

ಅಡುಗೆಮನೆಯ ನೆಲದ ಮೇಲೆ ಕೂತಳು. ಬಂದ ಹೊತ್ತು ನೋಡಿ... ಅವಳು ಹೊತ್ತು ನೋಡಿಯೇ ಇರಲಿಲ್ಲ. ಯಾವತ್ತೂ. ಯಾಕೆಂದರೆ ಹೊತ್ತು ಬರೆಯುವ ಅಂಕಣ ಒಂದು ಸಂತೆಯಾಗಿತ್ತು. ಒಬ್ಬ "ರಾತ್ರಿ 11.50" ಅಂತ ಬರೆದರೆ ಇನ್ನೊಬ್ಬ "23-50" ಅನ್ನುತ್ತಿದ್ದ, ಒಬ್ಬ ಪುಣ್ಯಾತ್ಮನಂತೂ "ಊಟ ಆದ ಮೇಲೆ" ಅಂತ ಬರೆದಿದ್ದ. ಇದನ್ನು ಕಟ್ಟಿಕೊಂಡು ಯಾರು ಏಗುತ್ತಾರೆ ಅಂತ ಅವಳು ಕ್ವೆರಿಯಲ್ಲಿ ಗಂಟೆಯನ್ನೇ ಬಿಟ್ಟು ತಾರೀಖನ್ನು ಮಾತ್ರ ತೆಗೆದುಕೊಂಡಿದ್ದಳು. ತಾರೀಖಿನಿಂದ ತಾರೀಖು ಕಳೆದರೆ ದಿನ ಸಿಗುತ್ತದೆ, ಇಷ್ಟು ಸುಲಭದ್ದಕ್ಕೆ ಗಂಟೆ ಯಾಕೆ?

ಸಿಗುವುದಿಲ್ಲ. ಅದು ಆ ಹೊತ್ತಿನಲ್ಲಿ ಅವಳಿಗೆ ಹೊಳೆಯಿತು. ಗಂಟೆ ಬಿಟ್ಟು ಕೇಳಿದರೆ ಯಂತ್ರ ದಿನ ಎಣಿಸುವುದಿಲ್ಲ; ತಾರೀಖು ಎಷ್ಟು ಸಲ ಬದಲಾಯಿತು ಅಂತ ಎಣಿಸುತ್ತದೆ. ರಾತ್ರಿ ಹನ್ನೊಂದೂ ಐವತ್ತಕ್ಕೆ ಬಂದವನಿಗೆ ಹತ್ತು ನಿಮಿಷದಲ್ಲಿ ಒಂದು ದಿನ ಮುಗಿದುಹೋಯಿತು! ಹಗಲು ಬಂದವರಿಗೆ ಇದರಿಂದ ನಷ್ಟವಿಲ್ಲ, ಸಂಜೆ ಆರಕ್ಕೆ ಗಾಡಿ ಹೊರಡುವಷ್ಟರಲ್ಲಿ ಅವರ ಏಳು ದಿನ ತುಂಬಿಯೇ ಇರುತ್ತದೆ. ಅವಳು ಪರೀಕ್ಷೆ ಮಾಡಿ ನೋಡಿದ್ದೂ ಹಗಲು ಬಂದವರ ಮೇಲೆಯೇ. ಎಲ್ಲ ಸರಿಯಾಗಿತ್ತು. ಗಾಡಿ ಹೋದ ಮೇಲೆ, ಮಧ್ಯರಾತ್ರಿಯೊಳಗೆ ಬಂದವರು ಮಾತ್ರ... ಅವರಿಗೆ ಒಂದೊಂದು ದಿನ ಕಮ್ಮಿ.

ಗಂಡನನ್ನು ಎಬ್ಬಿಸಿದಳು. "ರೀ, ಏಳಿ. ಅವನ ಮಾತೇ ಸರಿ."

"ಯಾರ ಮಾತು?"

"ಸಾಣೆಯವನದು."

ಅವನು ಎದ್ದು ಕೂತ. ಈ ಸಲ ತಮಾಷೆ ಮಾಡಲಿಲ್ಲ. "ಹೋಗಿ ಮುಖ ನೋಡ್ಕೊಂಡು ಬರ್ಬೇಕಾ ನಾನು? ಅವನೇನಾ ಅಂತ?" ಅಂದ. ಮರುಕ್ಷಣ ತಾನೇ, "ಬದುಕಿರೋರ ಕುತ್ತಿಗೆಗೆ ದಿನಾ ಕತ್ತಿ ಹಿಡೀತೀನಿ ಕಣೇ, ಸತ್ತೋರನ್ನ ಕಂಡ್ರೆ ಮಾತ್ರ ಕೈ ನಡುಗುತ್ತೆ..." ಅಂದು ಹೊದಿಕೆ ಎಳೆದುಕೊಂಡ. ಇಬ್ಬರೂ ಮಲಗಲಿಲ್ಲ.

ಬೆಳಗಾದ ಕೂಡಲೇ ಮೇಲಿನ ಸಾಹೇಬರ ಮನೆಗೆ ಹೋದಳು. ಅವರು ಪ್ಯಾಂಟು ಮಡಚಿಕೊಂಡು ಸ್ಕೂಟರು ತೊಳೆಯುತ್ತಿದ್ದರು.

"ಏನಮ್ಮಾ, ಭಾನುವಾರ ಬೆಳಿಗ್ಗೆಯೇ?"

"ಸರ್, ಇವತ್ತಿನ ಪಟ್ಟಿಯಲ್ಲಿ ಕೊನೆಯವರನ್ನ ಇವತ್ತು ಕಳಿಸಬಾರದು. ಏಳು ದಿನ ತುಂಬಿಲ್ಲ."

"ಕಂಪ್ಯೂಟರ್ ಏಳು ಅಂದಿದೆ. ನಾನು ನೋಡಿಯೇ ಸಹಿ ಹಾಕಿದ್ದು."

"ಅದಕ್ಕೆ ಹಾಗೆ ಕಲಿಸಿದ್ದು ನಾನೇ ಸರ್. ತಪ್ಪು ಕಲಿಸಿದೀನಿ."

ಅವರು ಬಟ್ಟೆ ಹಿಂಡುತ್ತ ಅವಳನ್ನೇ ನೋಡಿದರು. "ಮನುಷ್ಯರು ಎಣಿಸಿದ್ರೆ ತಪ್ಪಾಗುತ್ತೆ, ಯಂತ್ರಕ್ಕೆ ಬಿಡಿ ಅಂತ ಅವತ್ತು ಸಭೆಯಲ್ಲಿ ಹೇಳಿದ್ದು ಯಾರು? ನಮ್ಮಜ್ಜಿನಾ?"

"ನಾನೇ."

"ಇದ್ದಕ್ಕಿದ್ದ ಹಾಗೆ ಹೇಗೆ ಗೊತ್ತಾಯ್ತು?"

"ರಾತ್ರಿ... ಲೆಕ್ಕ ಹಾಕಿ ನೋಡಿದೆ."

ಸಾಹೇಬರು ಬಕೆಟ್ಟು ಕೆಳಗಿಟ್ಟರು. ದನಿ ತಗ್ಗಿಸಿದರು. "ಮೂರು ತಿಂಗಳಿಂದ ಇದೇ ಲೆಕ್ಕ ಅಲ್ವೇನಮ್ಮಾ ನಡೀತಿರೋದು?"

ಅವಳು ನೆಲದ ಮೇಲಿನ ಸೋಪಿನ ನೊರೆ ನೋಡಿದಳು.  ಅವರು ಮತ್ತೆ ಬಕೆಟ್ಟು ಎತ್ತಿಕೊಂಡರು.

"ಆಯ್ತು. ಅವನನ್ನು ತಡೀರಿ. ಆದ್ರೆ ನಾಳೆ ಯಾರೂ ಬರದೆ, ಒಬ್ಬನಿಗೋಸ್ಕರ ಗಾಡಿ ಮತ್ತೆ ಹೋಗಬೇಕಾದ್ರೆ ಮೇಲಿನವರಿಗೆ ಉತ್ತರ ನೀವೇ ಹೇಳ್ಬೇಕು."

ಸಂಜೆ ಆರಕ್ಕೆ ಗಾಡಿ ಬಂತು. ಅವಳಿಗೆ ರಜೆಯ ದಿನ, ಆದರೂ ಶವಾಗಾರದ ಬಾಗಿಲಲ್ಲಿ ನಿಂತಿದ್ದಳು. ಬೀಗ ನೋಡಿಕೊಳ್ಳುವವನನ್ನು ಎಲ್ಲರೂ ಬೀಗದಣ್ಣ ಅನ್ನುತ್ತಿದ್ದರು. ಅವನು ಮೂರು ಖಾನೆ ಎಳೆದು ಮೂರು ಹೆಣ ಕೊಟ್ಟು, ಕೆಳಸಾಲಿನ ಮೂಲೆಯ ಖಾನೆಗೆ ಬೆನ್ನು ಕೊಟ್ಟು ನಿಂತ.

"ನಾಲ್ಕು ಗುಂಡಿ ತೋಡಿ ಕಾಯ್ತಾ ಇದಾರೆ," ಅಂದ ಗಾಡಿಯವನು. "ಮೂರೇ ಒಯ್ದರೆ ನಾಲ್ಕನೇದ್ರಲ್ಲಿ ನಾನು ಮಲಗ್ಲಾ?"

"ನಿಂಗೆ ಗುಂಡಿ ಯಾಕೋ? ನೀನು ಸ್ಟೀರಿಂಗ್ ಮೇಲೇ ಮಲಗೋ ಗಿರಾಕಿ."

ಗಾಡಿ ಹೋಯಿತು. ಏಳಾಯಿತು. ಯಾರೂ ಬರಲಿಲ್ಲ. ಏಳೂವರೆ... ಕಂಪ್ಯೂಟರಕ್ಕ ಬೆಂಚಿನ ಮೇಲೆ ಕೂರುವಳು, ಏಳುವಳು, ಗೇಟಿನವರೆಗೆ ಹೋಗಿ ಬರುವಳು. ಬೀಗದಣ್ಣ ನೋಡಿ ನೋಡಿ ಸಾಕಾಗಿ, "ಹೆರಿಗೆ ವಾರ್ಡು ಆ ಕಡೆ ಕಂಪ್ಯೂಟರಕ್ಕ. ಹೀಗೆ ಓಡಾಡೋರೆಲ್ಲ ಅಲ್ಲಿರ್ತಾರೆ," ಅಂದ.

ಎಂಟಕ್ಕೆ ಒಬ್ಬ ಹೆಂಗಸು ಗೇಟಿನಲ್ಲಿ ಕಂಡಳು. ಅರವತ್ತರ ಹತ್ತಿರದವಳು. ಹೆಗಲಲ್ಲೊಂದು ಚೀಲ, ಕೈಯಲ್ಲಿ ಪೊಲೀಸರು ಹಂಚಿದ ಫೋಟೋ. ನಡಿಗೆ ನೋಡಿದರೆ ಎರಡು ದಿನ ಕೂತೇ ಪ್ರಯಾಣ ಮಾಡಿದವಳು ಅನ್ನಿಸುತ್ತಿತ್ತು. ಮೊಣಕಾಲು ಇನ್ನೂ ನೆಟ್ಟಗಾಗಿರಲಿಲ್ಲ.

"ತಾಯಿ... ಇವನು ನನ್ನ ತಮ್ಮ. ಶುಕ್ರವಾರ ಈ ಫೋಟೋ ಕೈಗೆ ಸಿಕ್ತು, ಹಾಗೇ ಹೊರಟೆ. ಏಳು ದಿನಕ್ಕೆ ಕಳಿಸಿಬಿಡ್ತಾರೆ ಅಂದ್ರು." ಅವಳು ಇವರಿಬ್ಬರ ಮುಖ ನೋಡಿದಳು. "ತಡ ಆಯ್ತಾ?"

"ಇಲ್ಲಮ್ಮ," ಅಂದಳು ಕಂಪ್ಯೂಟರಕ್ಕ. "ತಡ ಆಗಿಲ್ಲ."

ಬೀಗದಣ್ಣ ಖಾನೆ ಎಳೆದ. ಹೆಂಗಸು ಅಳಲಿಲ್ಲ. ಬಾಗಿ ಅವನ ಅಂಗಿಯ ಕಾಲರು ಸರಿ ಮಾಡಿದಳು. ಆಮೇಲೆ ಬೈದಳು. "ಕತ್ತಲಾದ ಮೇಲೆ ಸೈಕಲ್ ಹತ್ತಬೇಡ ಅಂತ ಎಷ್ಟು ಸಲ ಬಡ್ಕೊಂಡಿದ್ದೆ? ಹತ್ತು ಚಾಕು ಕಮ್ಮಿ ಸಾಣೆ ಹಿಡಿದಿದ್ರೆ ಏನು ಗಂಟು ಹೋಗ್ತಿತ್ತು ನಿಂದು?" ಬೈಯುತ್ತ ಬೈಯುತ್ತ ಅವನ ಕೂದಲನ್ನು ಬೆರಳಿಂದ ಬಾಚಿದಳು. ಬೀಗದಣ್ಣ ಹೊರಗೆ ಹೋಗಿ ನಿಂತ. ಎಷ್ಟೋ ವರ್ಷದಿಂದ ಅಲ್ಲೇ ಇದ್ದವನು, ಅವನೂ ಹೊರಗೆ ಹೋದ.

ಕಾಗದಪತ್ರ ಮುಗಿದು ಅಕ್ಕ ತಮ್ಮನನ್ನು ಕರೆದುಕೊಂಡು ಹೊರಟಾಗ ಒಂಬತ್ತೂವರೆ. ಕಂಪ್ಯೂಟರಕ್ಕ ತನ್ನ ಕೋಣೆಗೆ ಹೋಗಿ ಕ್ವೆರಿ ತಿದ್ದಿದಳು. ಹೊತ್ತಿನ ಅಂಕಣವನ್ನೆಲ್ಲ ಒಂದೇ ರೂಪಕ್ಕೆ ತಂದು, ಬಂದ ತಾರೀಖು, ಬಂದ ಗಂಟೆ, ಎರಡನ್ನೂ ಕೂಡಿಸಿ, ಅಲ್ಲಿಂದ ಗಾಡಿ ಹೊರಡುವ ಹೊತ್ತಿನವರೆಗೆ ಗಂಟೆ ಲೆಕ್ಕದಲ್ಲಿ ಕಳೆದು, ಪೂರ್ತಿ ತುಂಬಿದ್ದರೆ ಮಾತ್ರ ಪಟ್ಟಿಗೆ. ಮುಂದೆ ಯಾರಿಗೂ ಹೀಗಾಗುವುದಿಲ್ಲ. ದೀಪ ಆರಿಸಿದಳು. ಹಗುರಾಗಿ ಹೊರಟಳು. ಈ ಸಲ ಬೇಕಂತಲೇ ಬಾವಿಯ ದಾರಿ ಹಿಡಿದಳು.

ಸೈಕಲ್ ಸದ್ದಿಲ್ಲ. ಗೋದಾಮಿನ ಗೋಡೆ ಮುಗಿಯಿತು. ಇಲ್ಲ. ಬಾವಿಯ ತಿರುವು. ಇಲ್ಲ. ಸದ್ಯ, ಅಂದುಕೊಂಡಳು.

ಆಗ ಬರಿಗಾಲಿನ ಸದ್ದು... ತಪ್... ತಪ್... ತಪ್. ಹಗುರವಾದ ಕಾಲು. ಎಳೆಯ ಹುಡುಗಿಯದು.

"ಮೇಡಂ..."

ಅವಳು ನಿಂತಳು.

"ನಮ್ಮಪ್ಪ ತಡ ಮಾಡಿರ್ಲಿಲ್ಲ."

ಅಷ್ಟೇ. ಇನ್ನೊಂದು ಮಾತಿಲ್ಲ. ಆದರೆ ಆ ಹುಡುಗಿಯ ಹಿಂದೆ, ರಸ್ತೆಯುದ್ದಕ್ಕೂ, ಬೇರೆ ಬೇರೆ ಕಾಲುಗಳು ನಿಂತು ಭಾರ ಬದಲಿಸುವ ಸದ್ದು. ಸಾಲಿನಲ್ಲಿ ನಿಂತವರು ಮಾಡುತ್ತಾರಲ್ಲ, ಹಾಗೆ. ಒಬ್ಬರು ಮೆಲ್ಲಗೆ ಕೆಮ್ಮಿದರು.

ಅವಳಿಗೆ ನೆನಪಿತ್ತು. ಸುಮಾರು ಒಂದೂವರೆ ತಿಂಗಳ ಹಿಂದೆ ಒಬ್ಬ ಮುದುಕ ಸಂಜೆ ಏಳಕ್ಕೆ ಬಂದಿದ್ದ. ಕೈಯಲ್ಲಿ ಮಗಳ ಫೋಟೋ. ಗಾಡಿ ಆಗಷ್ಟೇ ಹೋಗಿತ್ತು. ಕಂಪ್ಯೂಟರಕ್ಕನೇ ಪಟ್ಟಿ ನೋಡಿ, "ಏಳು ದಿನ ಆಗಿಹೋಗಿತ್ತಪ್ಪ, ನೀವು ಒಂದು ಗಂಟೆ ತಡ ಮಾಡಿಬಿಟ್ರಿ," ಅಂದಿದ್ದಳು. ಒಳ್ಳೆಯ ಮಾತಿನಲ್ಲೇ ಹೇಳಿದ್ದಳು. ಅವನು "ಹೌದಾ, ನಂದೇ ತಪ್ಪು," ಅಂದು ಆ ಬೆಂಚಿನ ಮೇಲೆ ಬೆಳಗಿನ ತನಕ ಕೂತಿದ್ದ.

ಸೋಮವಾರ ಬೆಳಿಗ್ಗೆ ತಿದ್ದಿದ ಕ್ವೆರಿಯನ್ನು ಹಿಂದಿನ ಮೂರು ತಿಂಗಳ ಮೇಲೆ ಓಡಿಸಿದಳು. ಗುಂಡಿ ಒತ್ತುವ ಮೊದಲು ಕೈ ಎರಡು ಸಲ ಹಿಂದೆ ಬಂತು. ಕೊನೆಗೆ ಒತ್ತಿದಳು. ಹನ್ನೊಂದು ಸಾಲು. ಹನ್ನೊಂದು ಜನ, ಒಂದೊಂದು ದಿನ ಮೊದಲೇ ಹೋದವರು. ಹುಡುಗಿ ಬಂದದ್ದು ರಾತ್ರಿ ಒಂಬತ್ತಕ್ಕೆ. ಅಪ್ಪ ಏಳಕ್ಕೆ ಬಂದಾಗ ಅವಳ ಏಳು ದಿನ ಮುಗಿಯಲು ಇನ್ನೂ ಎರಡು ಗಂಟೆ ಇತ್ತು.

ಅವತ್ತಿನ ರಿಜಿಸ್ಟರಿನಲ್ಲಿ ಮುದುಕನ ನಂಬರು ಸಿಕ್ಕಿತು. ಫೋನು ಮಾಡಿದಳು. ಏನು ಹೇಳಬೇಕು ಅಂತ ಮೊದಲೇ ಕೂಡಿಸಿಕೊಂಡಿದ್ದೆಲ್ಲ ಮರೆತುಹೋಯಿತು.

"ಅಪ್ಪಾ, ನಾನು ಆಸ್ಪತ್ರೆಯವಳು. ಅವತ್ತು ನೀವು ತಡ ಮಾಡಿದ್ರಿ ಅಂತ ಹೇಳಿದ್ದೆನಲ್ಲ... ನೀವು ತಡ ಮಾಡಿರ್ಲಿಲ್ಲ. ನಾವೇ ಬೇಗ ಕಳಿಸಿಬಿಟ್ವಿ. ಲೆಕ್ಕ ತಪ್ಪಿದ್ದು ನಾನು."

ಆ ಕಡೆ ಎಲ್ಲೋ ನಲ್ಲಿ ತೊಟ್ಟಿಕ್ಕುವ ಸದ್ದು ಮಾತ್ರ ಕೇಳುತ್ತಿತ್ತು.

"ಸರಿ ತಾಯಿ," ಅಂದ ಮುದುಕ. ಫೋನು ಇಡಲಿಲ್ಲ. ಅವಳೂ ಇಡಲಿಲ್ಲ. ನಲ್ಲಿ ತೊಟ್ಟಿಕ್ಕುತ್ತಲೇ ಇತ್ತು.

ಮಿಕ್ಕವರ ಕಡೆಯವರು ಯಾರೂ ಬಂದಿರಲೇ ಇಲ್ಲ. ಫೋನು ಮಾಡಲು ನಂಬರಿಲ್ಲ, ಹೆಸರಿಲ್ಲ. ಅವರಿಗೆ ಏನು ಕೊಡುವುದು? ಅವಳಿಗೆ ತೋಚಿದ್ದು ಒಂದೇ. ಹೋಗಿ ಬೀಗದಣ್ಣನನ್ನು ಕೇಳಿದಳು.

"ಕೆಳಸಾಲಿನ ಮೂಲೆಯ ಖಾನೆ ಹನ್ನೊಂದು ದಿನ ನಂಗೆ ಬಿಟ್ಟುಕೊಡಿ ಅಣ್ಣ. ಖಾಲಿ ಇರಲಿ. ತಣ್ಣಗಿರಲಿ."

"ಖಾಲಿ ಖಾನೆಗೆ ಕರೆಂಟಾ? ಏನು ಇಡ್ತೀರಿ ಅದ್ರಲ್ಲಿ, ಹೂವಾ?"

"ಒಂದೊಂದು ದಿನ ಬಾಕಿ ಇದೆ. ಹನ್ನೊಂದು ಜನಕ್ಕೆ."

ಬೀಗದಣ್ಣ ಬೀಗದ ಕೈಗೊಂಚಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. ಯಾವ ಬಾಕಿ ಅಂತ ಕೇಳಲಿಲ್ಲ. "ಜಾಗ ಸಾಲದೆ ಬಂದ್ರೆ ಮಾತ್ರ ತೆಗೀತೀನಿ," ಅಂದ. ತೆಗೆಯಬೇಕಾದ ಸಂದರ್ಭ ಬರಲಿಲ್ಲ.

ಪ್ರತಿ ಸಂಜೆ ಆರಕ್ಕೆ ಅವಳು ಹೋಗಿ ಖಾನೆಯ ಹಿಡಿಕೆಗೆ ಒಂದು ಚೀಟಿ ಕಟ್ಟುತ್ತಿದ್ದಳು. ಆ ಹನ್ನೊಂದರಲ್ಲಿ ಒಬ್ಬರ ಹೆಣಕ್ಕೆ ಕೊಟ್ಟಿದ್ದ ಸಂಖ್ಯೆ. ಮರುದಿನ ಆರಕ್ಕೆ ಬಿಚ್ಚಿ ಮುಂದಿನವರದ್ದು. ಮೊದಲ ಚೀಟಿ ಹುಡುಗಿಯದು. ಗಾಡಿಯವನು ನೋಡಿ, "ಲಾಡ್ಜ್ ಶುರು ಮಾಡಿದ್ರಾ?" ಅಂದದ್ದಕ್ಕೆ ಬೀಗದಣ್ಣ, ಯಾವತ್ತೂ ಹಾಗೆ ಮಾಡದವನು, ಅವನ ಹೆಗಲ ಮೇಲೆ ಕೈಯಿಟ್ಟು ಹೊರಗೆ ಕರೆದುಕೊಂಡು ಹೋದ.

ಬಾವಿಯ ಹತ್ತಿರ ಸಾಲು ಚಿಕ್ಕದಾಗುತ್ತ ಬಂತು ಅನ್ನುತ್ತಾಳೆ ಅವಳು. ಮೊದಲು ಹತ್ತಾರು ಕಾಲು, ಆಮೇಲೆ ಐದಾರು... ಕೆಮ್ಮುತ್ತಿದ್ದವರು ಏಳನೆಯ ದಿನದಿಂದ ಬರಲಿಲ್ಲ. ಹನ್ನೊಂದನೆಯ ದಿನ ಮುಗಿದ ರಾತ್ರಿ ಅವಳು ಬಾವಿಯ ಕಟ್ಟೆಗೆ ಒರಗಿ, ಬೇಕಾದಷ್ಟು ಹೊತ್ತು ಕಿವಿಗೊಟ್ಟು ನಿಂತಳು. ಜಾಲರಿಯ ಟಣ್ ಕೂಡ ಇಲ್ಲ.

ಮರುದಿನ ಮಧ್ಯಾಹ್ನ ಬೀಗದಣ್ಣ ಅವಳ ಕೋಣೆಯ ಬಾಗಿಲಲ್ಲಿ ನಿಂತಿದ್ದ.

"ಕಂಪ್ಯೂಟರಕ್ಕ, ಮೂಲೆ ಖಾನೆ ಇವತ್ತೂ ಬೇಕಾ ನಿಮಗೆ?"

"ಇಲ್ಲಣ್ಣ. ನಿನ್ನೆಗೇ ಮುಗೀತಲ್ಲ. ಚೀಟಿ ಬಿಚ್ಚಿದೆ."

"ಚೀಟಿ ಇಲ್ಲ, ನಾನೂ ನೋಡ್ದೆ. ಆದ್ರೆ ಅದು ಬರ್ತಾ ಇಲ್ಲ."

ಇಬ್ಬರೂ ಹೋಗಿ ಎಳೆದರು. ಬರಲಿಲ್ಲ. ರಿಪೇರಿಯವನನ್ನು ಕರೆಸಿದರು. ಮಂಜು ಕಟ್ಟಿಲ್ಲ, ಗಾಲಿ ಸಿಕ್ಕಿಕೊಂಡಿಲ್ಲ, ಬೀಗವಂತೂ ಆ ಖಾನೆಗೆ ಮೊದಲಿನಿಂದಲೂ ಇಲ್ಲ. ಅವನು ಕಾಲು ಕೊಟ್ಟು ಎಳೆದು, ಹಿಡಿಕೆ ಕಿತ್ತು ಬರುತ್ತದೆ ಅಂತ ಬಿಟ್ಟು ಹೋದ. ಅವಳು ಕೋಣೆಗೆ ಓಡಿ ಕ್ವೆರಿಯನ್ನು ಮತ್ತೆ ಓಡಿಸಿದಳು. ಹನ್ನೊಂದು. ಮತ್ತೊಮ್ಮೆ. ಹನ್ನೊಂದು. ಒಂದೊಂದೇ ಸಾಲನ್ನು ಕೈಯಿಂದ ಕಳೆದು ನೋಡಿದಳು. ಹನ್ನೊಂದೇ. ಲೆಕ್ಕದಲ್ಲಿ ಹನ್ನೆರಡನೆಯವರು ಯಾರೂ ಇಲ್ಲ.

ಅವತ್ತು ಸಂಜೆ ಆರಕ್ಕೆ, ಕೊನೆಯ ಚೀಟಿ ಬಿಚ್ಚಿ ಪೂರ್ತಿ ಒಂದು ದಿನ ಆದಾಗ, ಬೀಗದಣ್ಣ ಕಿರುಬೆರಳು ಹಾಕಿ ಎಳೆದ. ಖಾನೆ ಬೆಣ್ಣೆಯ ಹಾಗೆ ಜಾರಿ ಬಂತು.

ಒಳಗೆ ಏನಿತ್ತು ಅಂತ ನಾವೆಲ್ಲ ಕೇಳಿದೆವು. ಏನೂ ಇರಲಿಲ್ಲ. ತಗಡಿನ ಹಾಸು, ಅಷ್ಟೇ. ಸುತ್ತಲೂ ಕೈ ಮರಗಟ್ಟುವಷ್ಟು ತಣ್ಣಗಿತ್ತು. ನಡುವೆ ಮಾತ್ರ, ಒಬ್ಬರು ಮಲಗಿ ಆಗ ತಾನೇ ಎದ್ದುಹೋದಷ್ಟು ಉದ್ದಕ್ಕೆ, ಬೆಚ್ಚಗಿತ್ತು. ನಂಬದಿದ್ದರೆ ಬಿಡಿ. ಅವಳು ತನ್ನ ಅಂಗೈಯನ್ನೇ ಇಟ್ಟು ನೋಡಿದ್ದಾಳೆ.